ಪಿಯು ಅಂಕ ಕಡಿಮೆ, ಸಿಇಟಿ ಅಂಕ ಜಾಸ್ತಿ: ಸೀಟು ಸಿಗುತ್ತದೆಯೇ?

ಓದುಗರ ಪ್ರಶ್ನೆ

ನಮ್ಮ ಸೋದರಳಿಯ ದ್ವಿತೀಯ ಪಿಯುಸಿ ಮುಗಿಸಿದ್ದಾನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರಿ 300ಕ್ಕೆ 192. ಕನ್ನಡದಲ್ಲಿ 96, ಕಂಪ್ಯೂಟರ್ ಸೈನ್ಸ್‌ನಲ್ಲಿ 89, ಇಂಗ್ಲಿಷ್‌ನಲ್ಲಿ 68. ಒಟ್ಟು 600ಕ್ಕೆ 445. ಸಿಇಟಿಯಲ್ಲಿ ಕೀ ಉತ್ತರ ಹಿಡಿದು ನೋಡಿದರೆ 180ಕ್ಕೆ 132 ಬರುತ್ತದೆ. ಜೆಇಇ ಮೇನ್‌ನಲ್ಲೂ ಒಳ್ಳೆಯ ಪರ್ಸೆಂಟೈಲ್ ಇದೆ. ನಮ್ಮ ಭಾವ, "ಪಿಯು ಅಂಕ ಯಾರು ಕೇಳ್ತಾರೆ, ಎಂಟ್ರೆನ್ಸೇ ಮುಖ್ಯ" ಅನ್ನುತ್ತಾರೆ. ಅಕ್ಕ, "ಪಿಯುನೇ ಹೋಯ್ತಲ್ಲ, ಇನ್ನೆಲ್ಲಿಯ ಸೀಟು" ಅಂತ ಕೂತಿದ್ದಾಳೆ. ಇಬ್ಬರಲ್ಲಿ ಯಾರ ಮಾತು ಸರಿ? ಅದೇ ಹುಡುಗ, ಅದೇ ಪಾಠ, ಎರಡು ಪರೀಕ್ಷೆಗಳಲ್ಲಿ ಇಷ್ಟೊಂದು ಅಂತರ ಹೇಗೆ?
– ಓದುಗರೊಬ್ಬರು, ಹೊಸದುರ್ಗ

ಉತ್ತರ

ನಿಮ್ಮ ಭಾವನವರ ಮಾತು ಕಾಮೆಡ್‌-ಕೆಗೆ ಸರಿ, ಸಿಇಟಿಗೆ ತಪ್ಪು. ಅಕ್ಕನ ಚಿಂತೆ ಸಿಇಟಿಯ ಮಟ್ಟಿಗೆ ಅರ್ಧ ನಿಜ, ಎನ್‌ಐಟಿಯ ಮಟ್ಟಿಗೆ ಬಹುಶಃ ಅನಗತ್ಯ. ಇಬ್ಬರೂ ಪಿಯು ಅಂಕ ಬೇಕೋ ಬೇಡವೋ ಎಂದು ವಾದಿಸುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಪ್ರವೇಶದಲ್ಲಿ ಪಿಯು ಅಂಕ ಬರೀ ಹೊಸ್ತಿಲು, ಯಾವುದರಲ್ಲಿ ಅದು ತೂಕ? ಹೊಸ್ತಿಲಾದರೆ ಒಮ್ಮೆ ದಾಟಿದರೆ ಮುಗಿಯಿತು; 46 ತೆಗೆದವನೂ 96 ತೆಗೆದವನೂ ಅಲ್ಲಿಂದಾಚೆಗೆ ಸಮ. ತೂಕವಾದರೆ ಒಂದೊಂದು ಅಂಕವೂ ರ‍್ಯಾಂಕ್ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಈ ಭೇದ ಹಿಡಿದುಕೊಂಡರೆ ನಿಮ್ಮ ಸೋದರಳಿಯನಿಗೆ ಎಲ್ಲಿ ಲಾಭ, ಎಲ್ಲಿ ನಷ್ಟ ಎಂದು ಕಾಗದ-ಪೆನ್ನು ಹಿಡಿದು ನೀವೇ ಹೇಳಬಹುದು.

ಸಿಇಟಿ: ಇಲ್ಲಿ ಪಿಯು ಅಂಕಕ್ಕೆ ತೂಕವಿದೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಎರಡನ್ನೂ ಸರಿಸಮ ನೋಡುತ್ತದೆ. ಪಿಯುಸಿಯ ಪಿಸಿಎಂ (ಭೌತ, ರಸಾಯನ, ಗಣಿತ) ಅಂಕಗಳನ್ನು 50ಕ್ಕೆ ಇಳಿಸುತ್ತಾರೆ, ಸಿಇಟಿಯ ಪಿಸಿಎಂ ಅಂಕಗಳನ್ನೂ 50ಕ್ಕೆ ಇಳಿಸುತ್ತಾರೆ, ಎರಡನ್ನೂ ಕೂಡುತ್ತಾರೆ. ಸಾಮಾನ್ಯ ವರ್ಗಕ್ಕೆ ಪಿಯುಸಿಯಲ್ಲಿ ಶೇ 45, ಮೀಸಲು ವರ್ಗಗಳಿಗೆ ಶೇ 40 ಎಂಬ ಅರ್ಹತೆಯ ಮಿತಿ ಇದ್ದೇ ಇದೆ. ಆದರೆ ಅದನ್ನು ದಾಟಿದ ಮೇಲೂ ಪಿಯು ಅಂಕ ಬೆನ್ನು ಬಿಡುವುದಿಲ್ಲ.

ನಿಮ್ಮ ಹುಡುಗನ ಲೆಕ್ಕ ಹೀಗಾಗುತ್ತದೆ. ಪಿಯುವಿನ 192 ಅಂಕ 50ಕ್ಕೆ ಇಳಿದಾಗ 32. ಸಿಇಟಿಯ 132 ಅಂಕ 50ಕ್ಕೆ ಇಳಿದಾಗ 36.67. ಒಟ್ಟು 68.67. ಈಗ ಪಕ್ಕದ ಬೀದಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ ಎಂದುಕೊಳ್ಳಿ. ಪಿಯುವಿನಲ್ಲಿ 300ಕ್ಕೆ 285, ಸಿಇಟಿಯಲ್ಲಿ ಬರೀ 78. ಅವಳದು 47.5 ಮತ್ತು 21.67, ಒಟ್ಟು 69.17. ಸಿಇಟಿಯಲ್ಲಿ ಇವನಿಗಿಂತ 54 ಪ್ರಶ್ನೆ ಕಡಿಮೆ ಸರಿ ಮಾಡಿದವಳು ರ‍್ಯಾಂಕ್‌ನಲ್ಲಿ ಇವನಿಗಿಂತ ಮುಂದೆ. "ಎಂಟ್ರೆನ್ಸೇ ಮುಖ್ಯ" ಎನ್ನುವ ಮಾತು ಸಿಇಟಿಯಲ್ಲಿ ನಿಲ್ಲದಿರುವುದು ಇದಕ್ಕೇ.

ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಿ. 300 ಅಂಕ 50ಕ್ಕೆ ಇಳಿಯುವಾಗ ಪಿಯುವಿನ ಒಂದು ಅಂಕದ ಬೆಲೆ 0.167. 180 ಅಂಕ 50ಕ್ಕೆ ಇಳಿಯುವಾಗ ಸಿಇಟಿಯ ಒಂದು ಅಂಕದ ಬೆಲೆ 0.278. ಅಂದರೆ ಸಿಇಟಿಯ ಮೂರು ಪ್ರಶ್ನೆ ಪಿಯುವಿನ ಐದು ಅಂಕಕ್ಕೆ ಸಮ. ಮೇಲುನೋಟಕ್ಕೆ ಸಿಇಟಿ ಅಂಕವೇ ತೂಕದ್ದು. ಆದರೆ ಯಾವುದನ್ನು ಹೆಚ್ಚಿಸಿಕೊಳ್ಳುವುದು ಸುಲಭ ಎಂದು ಕೇಳಿದರೆ ಉತ್ತರ ತಿರುಗಿ ಬೀಳುತ್ತದೆ. 132 ತೆಗೆದವನು ಇನ್ನೂ 18 ಪ್ರಶ್ನೆ ಸರಿ ಮಾಡುವುದು ಕಷ್ಟದ ಕೆಲಸ. ಪಿಯುವಿನಲ್ಲಿ ವಿಷಯಕ್ಕೆ ಹತ್ತರಂತೆ 30 ಅಂಕ ಹೆಚ್ಚಿಸಿಕೊಳ್ಳುವುದು ಅದರಷ್ಟು ಕಷ್ಟವಲ್ಲ. ಎರಡರಿಂದಲೂ ಸಿಗುವ ಲಾಭ ಒಂದೇ, 5 ಅಂಶ.

ಅಂಕಗಳು ಎಷ್ಟು ಹರಡಿಕೊಂಡಿವೆ ಎಂಬುದೂ ಇಲ್ಲಿ ಮುಖ್ಯ. ಒಳ್ಳೆಯ ಕಾಲೇಜುಗಳ ಸೀಟಿಗೆ ಪೈಪೋಟಿ ಮಾಡುವವರ ಪಿಯು ಅಂಕಗಳು ಶೇ 90ರ ಆಸುಪಾಸಿನಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಅವರವರ ನಡುವೆ ವ್ಯತ್ಯಾಸ ತರುವುದು ಸಿಇಟಿ. ಶೇ 64 ತೆಗೆದ ಹುಡುಗ ಆ ಗುಂಪಿನಿಂದಲೇ ಹೊರಗಿದ್ದಾನೆ. ಅವರೆಲ್ಲ ಪಿಯುವಿನಿಂದ 45 ಅಂಶ ತೆಗೆದುಕೊಂಡು ಓಟ ಶುರು ಮಾಡಿದರೆ ಇವನು 32ರಿಂದ ಶುರು ಮಾಡಬೇಕು. ಆ 13 ಅಂಶ ತುಂಬಿಕೊಳ್ಳಲು ಸಿಇಟಿಯಲ್ಲಿ ಅವರಿಗಿಂತ 47 ಪ್ರಶ್ನೆ ಹೆಚ್ಚು ಸರಿ ಮಾಡಬೇಕಾಗುತ್ತದೆ. ಹಾಗಾಗಿ ಸಿಇಟಿಯಲ್ಲಿ ಅವನಿಗೆ ಸೀಟು ಸಿಗುತ್ತದೆ, ಆದರೆ 132 ಅಂಕಕ್ಕೆ ಸಿಗಬೇಕು ಎಂದು ಅವನು ಅಂದುಕೊಂಡಿರುವ ಕಾಲೇಜು ಸಿಗುವುದು ಅನುಮಾನ.

ವಾಸ್ತುಶಿಲ್ಪ ಓದುವ ಮನಸ್ಸಿದ್ದರೂ ಇದೇ ಮಾತು. ರಾಜ್ಯದ ಬಿ.ಆರ್ಕ್ ರ‍್ಯಾಂಕ್‌ನಲ್ಲೂ ನಾಟಾ ಪ್ರವೇಶ ಪರೀಕ್ಷೆಯ ಅಂಕ ಅರ್ಧ, ಪಿಯು ಅಂಕ ಅರ್ಧ.

ಪಿಯು ಅಂಕ ಬರೀ ಹೊಸ್ತಿಲಾಗಿರುವ ಕಡೆ

ಕಾಮೆಡ್‌-ಕೆ ನಡೆಸುವ ಪರೀಕ್ಷೆಯೂ 180 ಪ್ರಶ್ನೆಗಳದ್ದೇ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅಲ್ಲಿ ಪಿಸಿಎಂನಲ್ಲಿ ಶೇ 45 ಇದ್ದರೆ ಸಾಕು, ರ‍್ಯಾಂಕ್ ಪೂರ್ತಿಯಾಗಿ ಪರೀಕ್ಷೆಯದೇ. ನಿಮ್ಮ ಹುಡುಗನಂಥವರಿಗೆ ಹೇಳಿ ಮಾಡಿಸಿದ ದಾರಿ ಇದು. ಬೆಂಗಳೂರಿನ ಆರ್.ವಿ., ಬಿ.ಎಂ.ಎಸ್., ಎಂ.ಎಸ್. ರಾಮಯ್ಯದಂಥ ಕಾಲೇಜುಗಳಿಗೆ ಸಿಇಟಿಯಿಂದಲೂ ಹೋಗಬಹುದು, ಕಾಮೆಡ್‌-ಕೆಯಿಂದಲೂ ಹೋಗಬಹುದು. ವ್ಯತ್ಯಾಸವಿರುವುದು ಶುಲ್ಕದಲ್ಲಿ. ಕಾಮೆಡ್‌-ಕೆ ಸೀಟಿಗೆ ಸಿಇಟಿ ಸರ್ಕಾರಿ ಕೋಟಾಕ್ಕಿಂತ ಬಹಳ ಹೆಚ್ಚು ಹಣ ಕಟ್ಟಬೇಕು. ಪಿಯುವಿನಲ್ಲಿ ಹೋದ ಅಂಕ ಹೀಗೆ ನಾಲ್ಕು ವರ್ಷದ ಶುಲ್ಕದ ರೂಪದಲ್ಲಿ ಮನೆಯವರ ಮುಂದೆ ಬಂದು ನಿಲ್ಲಬಹುದು. ಆ ಲೆಕ್ಕವನ್ನು ಮನೆಯಲ್ಲಿ ಮೊದಲೇ ಮಾಡಿಕೊಳ್ಳಿ.

ವೈದ್ಯಕೀಯ ಸೀಟಿನ ರ‍್ಯಾಂಕ್ ಪೂರ್ತಿ ನೀಟ್‌ನದು. ಪಿಯು ಅಂಕದ ಕೆಲಸ ಅರ್ಹತೆ ತೋರಿಸುವುದಷ್ಟೇ. ಗಣಿತದಲ್ಲಿ ನಿಜವಾದ ಒಲವಿದ್ದರೆ ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆ, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ಇವೆ. ಇವು ತಮ್ಮದೇ ಪ್ರವೇಶ ಪರೀಕ್ಷೆಯಿಂದ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುತ್ತವೆ.

ಎಲ್ಲ ಹೊಸ್ತಿಲುಗಳ ಎತ್ತರವೂ ಒಂದೇ ಅಲ್ಲ, ಇದನ್ನು ಮರೆಯಬೇಡಿ. ಪಿಲಾನಿ, ಗೋವಾ, ಹೈದರಾಬಾದ್‌ಗಳಲ್ಲಿರುವ ಬಿಟ್ಸ್ ಸಂಸ್ಥೆ ಬಿಟ್‌ಸ್ಯಾಟ್ ಅಂಕದ ಮೇಲೆಯೇ ಸೀಟು ಕೊಡುತ್ತದೆ. ಆದರೆ ಪಿಸಿಎಂನಲ್ಲಿ ಒಟ್ಟು ಶೇ 75, ಒಂದೊಂದು ವಿಷಯದಲ್ಲೂ ಕನಿಷ್ಠ ಶೇ 60 ಬೇಕು ಎನ್ನುತ್ತದೆ. ಪಿಸಿಎಂನಲ್ಲಿ ಶೇ 64 ಇರುವ ನಿಮ್ಮ ಹುಡುಗ ಬಿಟ್‌ಸ್ಯಾಟ್‌ನಲ್ಲಿ ಎಷ್ಟೇ ಅಂಕ ತಂದರೂ ಈಗ ಅಲ್ಲಿ ಅರ್ಹನಲ್ಲ. ಅರ್ಜಿ ಶುಲ್ಕ ಕಟ್ಟುವ ಮುನ್ನ ಮಾಹಿತಿ ಪುಸ್ತಕದ ಅರ್ಹತೆಯ ಪುಟ ಓದಬೇಕು ಎನ್ನುವುದು ಇದಕ್ಕೆ.

ಎನ್‌ಐಟಿ: 445 ಅಂಕದಲ್ಲಿ ಅಡಗಿರುವ 377

ನಿಮ್ಮ ಪತ್ರದಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸಿದ್ದು ಕನ್ನಡದ 96.

ಸುರತ್ಕಲ್‌ನ ಎನ್‌ಐಟಿ, ಧಾರವಾಡ ಮತ್ತು ರಾಯಚೂರಿನ ಐಐಐಟಿಗಳ ಸೀಟು ಜೆಇಇ ಮೇನ್ ರ‍್ಯಾಂಕ್ ಮೇಲೆ, ಜೋಸಾ ಕೌನ್ಸೆಲಿಂಗ್ ಮೂಲಕ ಸಿಗುತ್ತವೆ. ಅಲ್ಲಿ 12ನೇ ತರಗತಿಯಲ್ಲಿ ಶೇ 75 ಇರಬೇಕು, ಇಲ್ಲವೇ ತನ್ನ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗೆ ಇರಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ ಶೇ 65. ನಿಮ್ಮ ಮನೆಯಲ್ಲಿ 445ನ್ನು 600ರಿಂದ ಭಾಗಿಸಿ, ಶೇ 74.17 ಬಂತು, ಮುಕ್ಕಾಲು ಅಂಶಕ್ಕೂ ಮಿಕ್ಕಿ ಕಡಿಮೆಯಾಯಿತು ಎಂದು ಕೈಬಿಟ್ಟಿರಬಹುದು. ಆದರೆ ನಿಯಮ ಆರು ವಿಷಯಗಳನ್ನು ಕೇಳುವುದಿಲ್ಲ. ಐದನ್ನು ಕೇಳುತ್ತದೆ: ಭೌತ, ರಸಾಯನ, ಗಣಿತ, ಒಂದು ಭಾಷೆ, ಇವು ನಾಲ್ಕನ್ನು ಬಿಟ್ಟು ಹೆಚ್ಚು ಅಂಕ ಬಂದ ಇನ್ನೊಂದು ವಿಷಯ. ಎರಡು ಭಾಷೆ ಓದಿದ್ದರೆ ಹೆಚ್ಚು ಅಂಕ ಬಂದ ಭಾಷೆಯನ್ನೇ ತೆಗೆದುಕೊಳ್ಳುತ್ತಾರೆ.

192, ಕನ್ನಡದ 96, ಕಂಪ್ಯೂಟರ್ ಸೈನ್ಸ್‌ನ 89 ಕೂಡಿಸಿ. 500ಕ್ಕೆ 377, ಶೇ 75.4. ಹುಡುಗ ಮಿತಿ ದಾಟಿದ್ದಾನೆ! ಸಿಇಟಿ ಲೆಕ್ಕದಲ್ಲಿ ಒಂದು ಪೈಸೆಗೂ ಬಾರದ ಕನ್ನಡದ ಅಂಕ ಇಲ್ಲಿ ಅವನನ್ನು ಒಳಗೆ ಬಿಡುತ್ತದೆ. "ಲ್ಯಾಂಗ್ವೇಜ್ ತಾನೇ, ಪಾಸಾದರೆ ಸಾಕು" ಎಂದು ವಿಜ್ಞಾನದ ಮಕ್ಕಳಿಗೆ ಹೇಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಜೆಇಇ ಅಡ್ವಾನ್ಸ್ಡ್ ಪಾಸಾಗಿದ್ದರೆ ಐಐಟಿಗೂ ಇದೇ ಶೇ 75ರ ನಿಯಮ.

ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟು ಆಯಾ ರಾಜ್ಯದವರಿಗೆ. ಇಲ್ಲಿ ಯಾವ ರಾಜ್ಯದವನು ಎಂದು ತೀರ್ಮಾನವಾಗುವುದು ಹುಟ್ಟೂರಿನಿಂದ ಅಲ್ಲ, 12ನೇ ತರಗತಿ ಎಲ್ಲಿ ಪಾಸಾದ ಎಂಬುದರಿಂದ. ಹೊಸದುರ್ಗದಲ್ಲೋ ಚಿತ್ರದುರ್ಗದಲ್ಲೋ ಪಿಯು ಮುಗಿಸಿದವನಿಗೆ ಸುರತ್ಕಲ್ ತವರು ರಾಜ್ಯದ ಸಂಸ್ಥೆ. ಕೋಚಿಂಗ್‌ಗೆಂದು ಬೇರೆ ರಾಜ್ಯಕ್ಕೆ ಹೋಗಿ ಅಲ್ಲೇ 12ನೇ ತರಗತಿ ಮುಗಿಸಿದ ಕನ್ನಡದ ಮಗು ಈ ಅನುಕೂಲ ಕಳೆದುಕೊಳ್ಳುತ್ತದೆ. ಸುರತ್ಕಲ್‌ನಲ್ಲಿ ಅವನ ರ‍್ಯಾಂಕ್‌ಗೆ ಯಾವ ಶಾಖೆ ಎಂಬುದನ್ನು ಕಳೆದ ವರ್ಷದ ಜೋಸಾ ಕ್ಲೋಸಿಂಗ್ ರ‍್ಯಾಂಕ್ ಪಟ್ಟಿಯಲ್ಲಿ ನೋಡಿ. ತವರು ರಾಜ್ಯದ ಸಾಲು ಬೇರೆ, ಇತರ ರಾಜ್ಯದ ಸಾಲು ಬೇರೆ ಇರುತ್ತದೆ, ಅದಲು ಬದಲು ಮಾಡಿಕೊಳ್ಳಬೇಡಿ.

ಜೆಇಇಯಲ್ಲೂ ಒಂದು ಕಾಲಕ್ಕೆ ಪಿಯು ಅಂಕಕ್ಕೆ ತೂಕವಿತ್ತು. 2013ರಿಂದ 2016ರವರೆಗೆ ಎನ್‌ಐಟಿ ರ‍್ಯಾಂಕ್‌ನಲ್ಲಿ ಬೋರ್ಡ್ ಅಂಕಕ್ಕೆ ಶೇ 40 ಪಾಲು ಕೊಟ್ಟಿದ್ದರು. ಬೇರೆ ಬೇರೆ ಬೋರ್ಡುಗಳ ಅಂಕಗಳನ್ನು ಒಂದೇ ಅಳತೆಗೆ ತರುವುದು ದೊಡ್ಡ ಕಗ್ಗಂಟಾಗಿ, 2017ರಿಂದ ಅದನ್ನು ಕೈಬಿಟ್ಟು ಹೊಸ್ತಿಲನ್ನಷ್ಟೇ ಉಳಿಸಿಕೊಂಡರು. ಕೋವಿಡ್ ವರ್ಷಗಳಲ್ಲಿ ಆ ಹೊಸ್ತಿಲೂ ಸಡಿಲವಾಗಿತ್ತು, 2023ರಲ್ಲಿ ಮತ್ತೆ ಬಂತು.

ಹೊಸೂರು, ಕೊಲ್ಹಾಪುರ, ಕಾಸರಗೋಡು

ನಿಮ್ಮ ಹುಡುಗ ಗಡಿಯಾಚೆ ಹುಟ್ಟಿದ್ದರೆ ಅವನ ಭವಿಷ್ಯ ಬೇರೆಯೇ ಆಗುತ್ತಿತ್ತು. ತಮಿಳುನಾಡು 2006ರಲ್ಲಿ ಕಾನೂನು ಮಾಡಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯನ್ನೇ ತೆಗೆದುಹಾಕಿತು. ಅಲ್ಲಿ 12ನೇ ತರಗತಿಯ ಗಣಿತಕ್ಕೆ 100, ಭೌತ-ರಸಾಯನ ಸೇರಿ 100, ಹೀಗೆ 200ಕ್ಕೆ ಲೆಕ್ಕ ಹಾಕಿ ಸೀಟು ಕೊಡುತ್ತಾರೆ. ಹೊಸೂರಿನಲ್ಲಿ ಇವನ ಪ್ರವೇಶ ಪರೀಕ್ಷೆಯ ಜಾಣ್ಮೆಗೆ ರಾಜ್ಯದ ಕೌನ್ಸೆಲಿಂಗ್‌ನಲ್ಲಿ ಬೆಲೆಯೇ ಇಲ್ಲ. ಮಹಾರಾಷ್ಟ್ರದಲ್ಲಿ ಪೂರ್ತಿ ಎಂಎಚ್‌ಟಿ-ಸಿಇಟಿ, 12ನೇ ತರಗತಿ ಅರ್ಹತೆಗೆ ಮಾತ್ರ. ಕೊಲ್ಹಾಪುರದಲ್ಲಿ ಇವನು ರಾಜ. ತೆಲಂಗಾಣ ಇಂಟರ್ ಅಂಕಕ್ಕೆ ಕೊಡುತ್ತಿದ್ದ ಶೇ 25 ಪಾಲನ್ನು 2023ರಲ್ಲಿ ತೆಗೆದುಹಾಕಿತು. ಕಾಸರಗೋಡಿನಲ್ಲಿ ಇವನ ಕಥೆ ಇಲ್ಲಿಯದೇ; ಕೇರಳ ನಮ್ಮ ಹಾಗೇ ಅರ್ಧ-ಅರ್ಧ. ಅಲ್ಲಿ ಅಂಕ ಸಮೀಕರಿಸುವ ಸೂತ್ರವನ್ನು ಬದಲಿಸಿದ್ದನ್ನು 2025ರ ಜುಲೈನಲ್ಲಿ ಹೈಕೋರ್ಟ್ ರದ್ದು ಮಾಡಿದ್ದರಿಂದ ರ‍್ಯಾಂಕ್ ಪಟ್ಟಿಯನ್ನೇ ಮತ್ತೆ ಮಾಡಬೇಕಾಯಿತು.

ನಮ್ಮಲ್ಲೂ ಇಂಥ ಜಗಳ ನಡೆದಿದೆ. 2021ರಲ್ಲಿ ಕೋವಿಡ್‌ನಿಂದಾಗಿ ಪಿಯು ಪರೀಕ್ಷೆ ನಡೆಯಲಿಲ್ಲ. ಹಿಂದಿನ ತರಗತಿಗಳ ಅಂಕ ನೋಡಿ ಪಾಸು ಮಾಡಿದರು, ಆ ವರ್ಷ ಸಿಇಟಿ ಅಂಕದ ಮೇಲೆ ಮಾತ್ರ ರ‍್ಯಾಂಕ್ ಕೊಟ್ಟರು. ಅದೇ ಬ್ಯಾಚಿನವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕಗಳನ್ನು ಪ್ರಾಧಿಕಾರ ಪರಿಗಣಿಸಲಿಲ್ಲ. ಅವರು ಹೈಕೋರ್ಟ್ ಮೆಟ್ಟಿಲೇರಿದರು. ಏಕಸದಸ್ಯ ಪೀಠ ಅರ್ಧ-ಅರ್ಧ ಲೆಕ್ಕ ಹಾಕಿ ಎಂದಿತು. ಸರ್ಕಾರ ಮೇಲ್ಮನವಿ ಹೋಯಿತು. ಕೊನೆಗೆ 2021ರ ಅಂಕಗಳಲ್ಲಿ ಒಂದಿಷ್ಟು ಕಳೆದು ಲೆಕ್ಕ ಹಾಕುವ ಸೂತ್ರಕ್ಕೆ ವಿಭಾಗೀಯ ಪೀಠ ಒಪ್ಪಿತು, ಪರಿಷ್ಕೃತ ರ‍್ಯಾಂಕ್ ಬಂತು. ಪಿಯು ಅಂಕಕ್ಕೆ ತೂಕ ಇದೆಯೋ ಇಲ್ಲವೋ ಎಂಬುದರ ಮೇಲೆ ಒಬ್ಬೊಬ್ಬರ ರ‍್ಯಾಂಕ್ ಎಷ್ಟು ಅಲ್ಲಾಡುತ್ತದೆ ಎಂದು ಆ ವರ್ಷ ಎಲ್ಲರಿಗೂ ಗೊತ್ತಾಯಿತು.

ಅಮೆರಿಕದಲ್ಲಿರುವ ನಮ್ಮವರ ಮಕ್ಕಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಎಂಐಟಿ 2022ರಲ್ಲಿ ಎಸ್‌ಎಟಿಯನ್ನು ಮತ್ತೆ ಕಡ್ಡಾಯ ಮಾಡಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಾದರೋ ಪ್ರವೇಶ ತೀರ್ಮಾನಕ್ಕೆ ಎಸ್‌ಎಟಿ ಅಂಕವನ್ನು ನೋಡುವುದೇ ಇಲ್ಲ, ಶಾಲೆಯ ಜಿಪಿಎ ಮುಖ್ಯ. ಫ್ರೀಮಾಂಟ್‌ನಲ್ಲಿ ಬೆಳೆದ ಕನ್ನಡದ ಹುಡುಗಿಯ ಎಸ್‌ಎಟಿ ಅಂಕ ಬಾಸ್ಟನ್ ಕಡೆ ಬೆಲೆ ಬಾಳುತ್ತದೆ, ಮನೆ ಪಕ್ಕದ ಬರ್ಕ್‌ಲಿಯಲ್ಲಿ ಬಾಳುವುದಿಲ್ಲ.

ಅಂತರ ಬಂದದ್ದು ಹೇಗೆ?

ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿ ಒಎಂಆರ್ ಹಾಳೆಯಲ್ಲಿ ತುಂಬಿದರೆ ಆಯಿತು. ಏನೂ ಓದದೆ ಕಣ್ಣುಮುಚ್ಚಿ ತುಂಬಿದರೂ ಸರಾಸರಿ 180ಕ್ಕೆ 45 ಬರುತ್ತದೆ. ಪಿಯು ಪರೀಕ್ಷೆಯಲ್ಲಿ ಬಹುಪಾಲು ಅಂಕ ಬರೆಯುವುದಕ್ಕೆ: ಡಿರೈವೇಷನ್, ಚಿತ್ರ, ಸಮೀಕರಣ, ಏಕಮಾನ. ಅಂತಿಮ ಉತ್ತರ ಸರಿಯಿದ್ದರೂ ನಡುವಿನ ಹಂತ ಬಿಟ್ಟರೆ ಮೌಲ್ಯಮಾಪಕರು ಅಂಕ ಕಳೆಯುತ್ತಾರೆ, ಅದು ಸ್ಕೀಮ್‌ನಲ್ಲೇ ಇರುತ್ತದೆ.

ಈಗ ಅವನ 192ನ್ನು ಬಿಡಿಸಿ ನೋಡಿ. ಭೌತ, ರಸಾಯನಕ್ಕೆ ಪ್ರಾಯೋಗಿಕ 30-30, ಗಣಿತಕ್ಕೆ ಆಂತರಿಕ 20, ಒಟ್ಟು 80. ಅದು ಪೂರ್ತಿ ಬಂದಿದೆ ಎಂದುಕೊಂಡರೆ, ಬರೆದ ಉತ್ತರ ಪತ್ರಿಕೆಗಳಿಗೆ ಬಂದದ್ದು 220ಕ್ಕೆ 112, ಹೆಚ್ಚುಕಡಿಮೆ ಅರ್ಧ. ಸಿಇಟಿಯಲ್ಲಿ ಶೇ 73 ತೆಗೆಯುವಷ್ಟು ವಿಷಯ ಗೊತ್ತಿರುವವನು ಬರೆಯುವಾಗ ಅರ್ಧಕ್ಕೆ ನಿಂತಿದ್ದಾನೆ. ಅವನಿಗೆ ಪಾಠ ಗೊತ್ತು, ಮೂರು ಗಂಟೆ ಕೂತು ಅದನ್ನು ಹಾಳೆಯ ಮೇಲೆ ಇಳಿಸುವ ರೂಢಿ ಇಲ್ಲ. ಎರಡು ವರ್ಷ ಬಹು ಆಯ್ಕೆ ಪ್ರಶ್ನೆಗಳನ್ನೇ ತಿರುಗಿಸಿದ ಮಕ್ಕಳಲ್ಲಿ ಇದು ಹೊಸದೇನಲ್ಲ.

ಹೀಗಿರುವಾಗ ಅರ್ಧ-ಅರ್ಧ ಪದ್ಧತಿ ಅನ್ಯಾಯವೇ? ನಾನು ಹಾಗೆ ಹೇಳಲಾರೆ. ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ, ಕೋಚಿಂಗ್‌ನ ಮುಖ ನೋಡದೆ, ಪಠ್ಯಪುಸ್ತಕ ಹಿಡಿದು 285 ತೆಗೆದ ಹುಡುಗಿಗೆ ಆ ಅರ್ಧ ಆಸರೆ. ಅದನ್ನು ತೆಗೆದರೆ ಲಾಭವಾಗುವುದು ಕೋಚಿಂಗ್‌ಗೆ ಲಕ್ಷ ಕಟ್ಟಬಲ್ಲ ಮನೆಗಳಿಗೆ. ನಿಮ್ಮ ಹುಡುಗನಿಗೆ ಆದ ನಷ್ಟ ನಿಜ, ಆದರೆ ಆ ನಿಯಮಕ್ಕೆ ಕಾರಣವೂ ಇದೆ.

ಈಗ ಏನು ಮಾಡಬೇಕು?

ಮೊದಲು ಉತ್ತರ ಪತ್ರಿಕೆಗಳ ಸ್ಕ್ಯಾನ್ ಪ್ರತಿ ತರಿಸಿ. ನಿರೀಕ್ಷೆಗೂ ಅಂಕಕ್ಕೂ ದೂರವಿದ್ದ ವಿಷಯದ ಉಪನ್ಯಾಸಕರಿಗೆ ತೋರಿಸಿ, ಅವರು ಹೇಳಿದರೆ ಮಾತ್ರ ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಹಾಕಿ. ಗಡುವು ಬೇಗ ಮುಗಿಯುತ್ತದೆ. ಮರುಮೌಲ್ಯಮಾಪನದಿಂದ ಒಂದು ಅಂಕವೂ ಹೆಚ್ಚದಿದ್ದರೂ, ಎಲ್ಲಿ ಹಂತ ಬಿಟ್ಟ, ಎಲ್ಲಿ ಚಿತ್ರ ಬಿಟ್ಟ ಎಂದು ಅವನಿಗೇ ಕಾಣುತ್ತದೆ.

ಎರಡನೆಯದು, ಪರೀಕ್ಷೆ-2. ರಾಜ್ಯದಲ್ಲಿ 2024ರಿಂದ ಒಂದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶವಿದೆ, ಪಾಸಾದವರೂ ಅಂಕ ಸುಧಾರಿಸಿಕೊಳ್ಳಲು ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಪರೀಕ್ಷೆ-2ರ ಅಂಕಗಳನ್ನು ಪ್ರಾಧಿಕಾರ ಸಿಇಟಿ ರ‍್ಯಾಂಕ್‌ಗೆ ತೆಗೆದುಕೊಂಡಿದೆ. ಕಳೆದುಕೊಳ್ಳುವುದು ಏನೂ ಇಲ್ಲ. ಥಿಯರಿಯಲ್ಲಿ 112ನ್ನು 142 ಮಾಡಿಕೊಂಡರೆ ಅವನ ಮೊತ್ತ 68.67ರಿಂದ 73.67ಕ್ಕೆ ಏರುತ್ತದೆ, ಪಕ್ಕದ ಬೀದಿಯ ಹುಡುಗಿಯನ್ನು ದಾಟಿ ಮುಂದೆ ಹೋಗುತ್ತಾನೆ. ಪಿಸಿಎಂ ಶೇ 74 ಆಗುತ್ತದೆ.

ಮೂರನೆಯದು, ಆಪ್ಷನ್ ಎಂಟ್ರಿ. ಸಿಇಟಿ, ಕಾಮೆಡ್‌-ಕೆ, ಜೋಸಾ ಮೂರರಲ್ಲೂ ಕಳೆದ ವರ್ಷದ ಕಟ್‌ಆಫ್ ರ‍್ಯಾಂಕ್‌ಗಳನ್ನು ನಿಮ್ಮ ವರ್ಗಕ್ಕೆ, ಸುತ್ತಿನಿಂದ ಸುತ್ತಿಗೆ ನೋಡಿ. ಅಂಕ ನೋಡಿ ಸೀಟು ಊಹಿಸಬೇಡಿ, ರ‍್ಯಾಂಕ್ ನೋಡಿ. ಕೈಗೆಟುಕದ್ದು ಅನ್ನಿಸಿದರೂ ಇಷ್ಟದ ಕಾಲೇಜನ್ನು ಪಟ್ಟಿಯ ಮೇಲೆಯೇ ಹಾಕಿ, ಮೇಲೆ ಹಾಕಿದ್ದಕ್ಕೆ ಕೆಳಗಿನ ಸೀಟು ತಪ್ಪುವುದಿಲ್ಲ.

ಕೊನೆಯದಾಗಿ ಹುಡುಗನಿಗೊಂದು ಮಾತು. ಯಾವ ಬಾಗಿಲಿಂದ ಒಳಹೋದರೂ ಎಂಜಿನಿಯರಿಂಗ್‌ನಲ್ಲಿ ಒಎಂಆರ್ ಹಾಳೆ ಕೈಹಿಡಿಯುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಟು ಸೆಮಿಸ್ಟರ್‌ಗಳಲ್ಲಿ ಮೂರು ಗಂಟೆಯ ಲಿಖಿತ ಪರೀಕ್ಷೆಗಳೇ ಹೆಚ್ಚು. ಕ್ಯಾಂಪಸ್ ಸಂದರ್ಶನಕ್ಕೆ ಬರುವ ಹಲವು ಕಂಪನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ 60 ಕೇಳುತ್ತವೆ. ಮೊದಲೆರಡು ಆಗಲೇ ತೀರ್ಮಾನವಾಗಿವೆ, ಮೂರನೆಯದನ್ನು ಅವನು ಇನ್ನು ಬರೆಯಬೇಕು. ಪರೀಕ್ಷೆ-2ಕ್ಕೆ ಕೂತರೆ ಸಿಇಟಿಗೆ 5 ಅಂಶ ಸಿಗುವುದು ಒಂದು ಲಾಭ. ಹಂತ ಬಿಡದೆ ಬರೆಯುವ ರೂಢಿ ಆಗುವುದು ಇನ್ನೊಂದು, ಅದು ನಾಲ್ಕು ವರ್ಷವೂ ಬೇಕಾಗುತ್ತದೆ.